ನಾಲ್ಕನೇ ಕ್ಲಾಸಿನ ಗೋಡೆಯಾಚೆಯ ಒಲೆ

ಹೊಗೆ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಲು ನಾನು ಊದುಬತ್ತಿ ಹಚ್ಚಿಕೊಂಡು ನಾಲ್ಕನೇ ಕ್ಲಾಸಿನ ಬೆಂಚು ಹತ್ತಿದ ದಿನ, ಮೇಡಂ ಏನೋ ಪೂಜೆ ಮಾಡುತ್ತಿದ್ದಾರೆಂದು ಮಕ್ಕಳೆಲ್ಲ ಕೈಮುಗಿದು ನಿಂತುಬಿಟ್ಟರು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಆ ವಾರ ನನಗೆ ಮೂಗಿನ ತುದಿಯಲ್ಲೇ ಕೋಪ. ಹಿಂದಿನ ದಿನವಷ್ಟೇ ಅದೇ ಕ್ಲಾಸಿನ ಒಬ್ಬ ಹುಡುಗಿಯನ್ನು ಉಸಿರು ಸಿಗದೆ ಒದ್ದಾಡುತ್ತಿದ್ದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದೆವು.

ಶಾಲೆ ಇದ್ದದ್ದು ಮಾರನಹಳ್ಳಿಯ ಕಡೆ, ಹೆದ್ದಾರಿ ಬಿಟ್ಟು ಎಸ್ಟೇಟುಗಳ ಮಧ್ಯೆ ಒಳಕ್ಕೆ ನಡೆದರೆ ಸಿಗುವ ಒಂದು ಊರಿನಲ್ಲಿ. ಊರಿನ ಹೆಸರು ಬೇಡ. ನಾನು ಅಲ್ಲಿಗೆ ಪ್ರಭಾರ ಮುಖ್ಯೋಪಾಧ್ಯಾಯಿನಿಯಾಗಿ ಹೋದಾಗ ಬಿಸಿಯೂಟ ಶುರುವಾದ ಹೊಸತು. ಅಕ್ಕಿ, ಬೇಳೆ, ಪಾತ್ರೆ ಎಲ್ಲವೂ ಬಂದಿಳಿದಿದ್ದವು. ಅಡುಗೆ ಎಲ್ಲಿ ಮಾಡಬೇಕೆಂದು ಮಾತ್ರ ಯಾರೂ ಯೋಚಿಸಿರಲಿಲ್ಲ. ಸಾಲಾಗಿದ್ದ ನಾಲ್ಕು ಕೋಣೆಗಳಲ್ಲಿ ಪಡುವಣ ತುದಿಯದ್ದನ್ನು ಖಾಲಿ ಮಾಡಿಸಿ ಅಲ್ಲೇ ಒಲೆ ಹೂಡಿದ್ದರು. ಅದರ ಪಕ್ಕದ ಕೋಣೆಯೇ ನಾಲ್ಕನೇ ಕ್ಲಾಸು.

ನಾನು ಆಲೂರು ತಾಲ್ಲೂಕಿನ ಮಗ್ಗೆಯವಳು, ಭತ್ತದ ಗದ್ದೆಯ ಕಡೆಯವಳು. ಆನೇಮಹಲಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮಳೆ ನನಗೇನೂ ಹೊಸದಲ್ಲ, ಆದರೆ ಘಟ್ಟದ ತಲೆಯ ಮೇಲಿನ ಆ ಮಳೆ ಮೇಲಿನಿಂದ ಬೀಳುವುದಕ್ಕಿಂತ ಪಕ್ಕದಿಂದ ಹೊಡೆಯುವುದೇ ಹೆಚ್ಚು. ಅದಕ್ಕೆ ಊರವರು ಮೇ ತಿಂಗಳ ಕೊನೆಗೇ ಬಂದು, ಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದ ಪ್ಲಾಸ್ಟಿಕ್ ಹಾಳೆಯನ್ನು ಶಾಲೆಯ ಕಿಟಕಿಗಳಿಗೆಲ್ಲ ಹೊದಿಸಿ, ರೀಪು ಇಟ್ಟು ಮೊಳೆ ಹೊಡೆಯುತ್ತಿದ್ದರು. ಮಕ್ಕಳು ನೆನೆಯಬಾರದೆಂಬ ಪ್ರೀತಿಯಿಂದಲೇ ಮಾಡುತ್ತಿದ್ದ ಕೆಲಸ ಅದು. ಜೂನ್‌ನಲ್ಲಿ ಮುಚ್ಚಿದ ಕಿಟಕಿ ತೆರೆಯುವುದು ಮಳೆ ಬಿಟ್ಟ ಮೇಲೇ.

ಒಳಗಿನ ಗಾಳಿ ಹೇಗಿರುತ್ತಿತ್ತು ಎಂದು ಕೇಳಿ. ಒದ್ದೆ ಕಂಬಳಿಕೊಪ್ಪೆ, ಒದ್ದೆ ಛತ್ರಿ, ಒದ್ದೆ ತಲೆ ಎಲ್ಲ ಒಂದೇ ಕೋಣೆಯಲ್ಲಿ. ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕಪ್ಪು ಬೂಷ್ಟು. ಬೋರ್ಡು ಒರೆಸಿದರೆ ಸೀಮೆಸುಣ್ಣದ ಪುಡಿ ಹೊರಗೆ ಹೋಗಲು ದಾರಿ ಕಾಣದೆ ಅಲ್ಲಲ್ಲೇ ಸುಳಿಯುತ್ತಿತ್ತು. ಬೆಳಿಗ್ಗೆ ಹತ್ತೂವರೆಗೆ ಪಕ್ಕದಲ್ಲಿ ಹಸಿ ಸಿಲ್ವರ್ ಓಕ್ ಮರದ ಸೌದೆಯ ಒಲೆ ಹತ್ತಿತೆಂದರೆ ಮುಗಿಯಿತು, ಊಟದ ಗಂಟೆಯವರೆಗೆ ನಾಲ್ಕನೇ ಕ್ಲಾಸಿನ ಮಕ್ಕಳು ಕಣ್ಣುಜ್ಜಿಕೊಳ್ಳುತ್ತಲೇ ಪಾಠ ಕೇಳಬೇಕು. ನಾನೂ ಮೊದಮೊದಲು ಮಳೆಗಾಲದಲ್ಲಿ ಮಕ್ಕಳು ಕೆಮ್ಮದೆ ಇನ್ನೇನು ಎಂದುಕೊಂಡು ಸುಮ್ಮನಿದ್ದೆ.

ಆ ಹುಡುಗಿಯದ್ದು ಮಾತ್ರ ಬರೀ ಕೆಮ್ಮಲ್ಲ ಎಂದು ಜುಲೈ ಹೊತ್ತಿಗೆ ಗೊತ್ತಾಯಿತು. ಎಸ್ಟೇಟ್ ಲೈನಿನ, ಅಂದರೆ ಕೂಲಿಯಾಳುಗಳ ಸಾಲುಮನೆಯ ಮಗು, ಅಮ್ಮ ತೋಟದಾಳು, ಅಪ್ಪ ಇಲ್ಲ, ಕೆಳಗೊಬ್ಬ ಪುಟ್ಟ ತಮ್ಮ. ಓದಿನಲ್ಲಿ ಚುರುಕು, ಆದರೆ ಪದ್ಯದ ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಅವಳು ಉಸಿರು ಕಟ್ಟಿ ಬಿದ್ದ ದಿನ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಮಳೆಯಲ್ಲಿ ಬಸ್ ಸ್ಟಾಪಿನವರೆಗೆ ಓಡಿದವರು ನಮ್ಮ ಪಿಟಿ ಮೇಷ್ಟ್ರು. ಆಸ್ಪತ್ರೆಯ ಡಾಕ್ಟರು ಸೂಜಿ ಹಾಕಿ, ಆವಿ ಕೊಟ್ಟು, ಅವಳು ಒಂದು ಹದಕ್ಕೆ ಬಂದ ಮೇಲೆ ನಮ್ಮನ್ನು ಕೂರಿಸಿಕೊಂಡು ಶಾಲೆ ಹೇಗಿದೆ ಎಂದು ವಿಚಾರಿಸಿದರು. ಎಲ್ಲ ಕೇಳಿಸಿಕೊಂಡು, ಹೊಗೆ ಮತ್ತು ಬೂಷ್ಟು ಎರಡೂ ತಪ್ಪದಿದ್ದರೆ ಈ ಮಗು ಪ್ರತಿ ಸಲವೂ ನಿಮ್ಮ ಕೈಗೆ ಸಿಗುತ್ತದೆಂದು ನಾನು ಹೇಳಲಾರೆ ಎಂದರು.

ಪಿಟಿ ಮೇಷ್ಟ್ರು ಅದೇ ಊರಿನವರು, ನನಗಿಂತ ಐದಾರು ವರ್ಷ ಚಿಕ್ಕವರು. ಕೈಯಲ್ಲಿ ಕೆಲಸವಿಲ್ಲದಿದ್ದರೆ ತಲೆ ಕೆಡುತ್ತದೆ ಎನ್ನುವ ಜಾತಿ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಪಕ್ಕದಲ್ಲೇ ಕೂತಿದ್ದರು. ಇಳಿಯುವ ಮುಂಚೆ ಅವರೇ, "ಇದ್ನ ಬಿಡಬಾರ್ದು ಕಣ್ ಮೇಡಂ. ನಾಳಿಂದ್ಲೇ ಏನಾದ್ರೂ ಮಾಡಣ," ಎಂದರು. ಆ ಮಾತು ಕೇಳಿ ನನಗೆ ಆನೆಬಲ ಬಂದಂತಾಯಿತು. ಆ ಊರಲ್ಲಿ ನನಗೆ ನನ್ನವರು ಎನ್ನುವವರು ಒಬ್ಬರಾದರೂ ಇದ್ದಾರೆ ಎಂದುಕೊಂಡೆ.

ಊದುಬತ್ತಿಯ ಉಪಾಯ ಇಬ್ಬರದ್ದೂ. ಹೊಗೆ ಹೋದ ದಾರಿಯೇ ಗಾಳಿ ಹೋದ ದಾರಿ ತಾನೇ? ಮೊದಲು ಬಾಗಿಲ ಹತ್ತಿರ ಹಿಡಿದೆ, ಹೊಗೆ ಅಲುಗಲಿಲ್ಲ. ಬೆಂಚು ಹತ್ತಿ ಮುಚ್ಚಿದ ಕಿಟಕಿಯ ಬಳಿ ಹಿಡಿದರೂ ಅಷ್ಟೇ. ಮೇಷ್ಟ್ರು ಬೆಂಚಿನ ಮೇಲೆ ಬೆಂಚು ಇಟ್ಟು ಹತ್ತಿ, ಅಡುಗೆ ಕೋಣೆಗೂ ಕ್ಲಾಸಿಗೂ ನಡುವಿನ ಗೋಡೆಯ ತಲೆಯ ಮೇಲೆ ಊದುಬತ್ತಿ ಹಿಡಿದರು. ಹೊಗೆ ನೇರವಾಗಿ ಕ್ಲಾಸಿನ ಕಡೆಗೆ ಮಲಗಿಬಿಟ್ಟಿತು. ಹಳೆಯ ಹೆಂಚಿನ ಕಟ್ಟಡ, ಅಡ್ಡಗೋಡೆಗಳನ್ನು ತೊಲೆಯವರೆಗೆ ಮಾತ್ರ ಕಟ್ಟಿ, ಅಲ್ಲಿಂದ ಮಾಡಿನವರೆಗೆ ಖಾಲಿ ಬಿಟ್ಟಿದ್ದರು. ಕೆಳಗೆ ನಾಲ್ಕು ಕೋಣೆ, ಮೇಲೆ ಮಾತ್ರ ಒಂದೇ.

ಆಮೇಲೆ ತಿಳಿದದ್ದು ಇನ್ನೂ ವಿಚಿತ್ರ. ಅಡುಗೆಯವರು ಹೊಗೆ ಹೋಗಲಿ ಎಂದು ಪಡುವಣ ಕಿಟಕಿಯೊಂದನ್ನು ಮಾತ್ರ ತೆರೆದಿಟ್ಟುಕೊಳ್ಳುತ್ತಿದ್ದರು. ಮಳೆಗಾಳಿ ಬೀಸುವುದೇ ಪಡುವಣದಿಂದ. ಆ ಗಾಳಿ ಕಿಟಕಿಯಿಂದ ನುಗ್ಗಿ, ಒಲೆಯ ಹೊಗೆಯನ್ನು ಎತ್ತಿ, ಗೋಡೆಯ ಮೇಲಿನಿಂದ ಮಕ್ಕಳ ಕಡೆಗೆ ದಬ್ಬುತ್ತಿತ್ತು. ಮಕ್ಕಳ ಕಿಟಕಿಗಳಿಗೆ ಪ್ಲಾಸ್ಟಿಕ್ ಬಡಿದಿದ್ದರಿಂದ ಅದು ಅಲ್ಲೇ ನಿಲ್ಲುತ್ತಿತ್ತು. ಕಿಟಕಿ ಮುಚ್ಚಿ ಎಂದರೆ ಅಡುಗೆಯಾಕೆ ನನ್ನ ಮೇಲೆ ಹರಿಹಾಯ್ದರು.

"ಕಿಟ್ಕಿ ಮುಚ್ಚಿದ್ರೆ ನಾವು ಸಾಯದಾ ಮೇಡಂ? ಮಕ್ಕಳಿಗೊಂದೇನಾ ಎದೆ ಇರಾದು?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೆ ಮೊದಲು ಹೊಗೆಗೆ ಮೇಲಿನಿಂದ ದಾರಿ ಮಾಡಬೇಕಾಯಿತು. ಮಳೆ ಸ್ವಲ್ಪ ಹೊಳವಾದ ಒಂದು ಮಧ್ಯಾಹ್ನ ಮೇಷ್ಟ್ರು ಮಾಡು ಹತ್ತಿ, ಒಲೆಯ ನೇರಕ್ಕೆ ನೆತ್ತಿಯ ಹೆಂಚುಗಳನ್ನು ಎತ್ತಿ, ಅವುಗಳ ಕೆಳಗೆ ಹೆಂಚಿನ ಚೂರು ಕೊಟ್ಟು ನಿಲ್ಲಿಸಿದರು. ಮಳೆ ಒಳಗೆ ಬೀಳಬಾರದು, ಹೊಗೆ ಮಾತ್ರ ಹೋಗಬೇಕು. ಹೋಯಿತು ಕೂಡ. ಆದರೆ ಎರಡು ದಿನಕ್ಕೇ ಗಾಳಿಗೆ ಹೆಂಚು ಹಾರಿ ಜಗಲಿಗೆ ಬಿತ್ತು. ಪುಣ್ಯಕ್ಕೆ ಮಕ್ಕಳು ಒಳಗಿದ್ದರು. ಮತ್ತೆ ಹತ್ತಿ ತಂತಿ ಬಿಗಿದು ಕಟ್ಟಿದರು.

ಗೋಡೆಯ ಮೇಲಿನ ಖಾಲಿ ಜಾಗಕ್ಕೆ ಬಿದಿರಿನ ತಟ್ಟಿ ಹೆಣೆಸಿದೆವು. ಅದಕ್ಕೆ ಮಣ್ಣು ಮೆತ್ತಿದರೆ ಭದ್ರ ಎಂದು ನಾನೇ ಹಟ ಹಿಡಿದೆ. ಮಗ್ಗೆಯಲ್ಲಿ ನಮ್ಮ ಮನೆಯ ಕೊಟ್ಟಿಗೆಗೆ ಹಾಗೇ ಮಾಡುತ್ತಿದ್ದೆವು. ಆ ಥಂಡಿಯಲ್ಲಿ ಮಣ್ಣು ಒಣಗುವುದೆಲ್ಲಿಂದ ಬಂತು? ಒಂದು ದಿನ ಹೆಂಟೆ ಹೆಂಟೆಯಾಗಿ ಕಳಚಿ ಸಾರಿನ ಪಾತ್ರೆಗೇ ಬಿತ್ತು. ಅವತ್ತು ಮಕ್ಕಳೆಲ್ಲ ಅನ್ನಕ್ಕೆ ಉಪ್ಪು ಹಾಕಿಕೊಂಡು ಉಂಡರು. "ಇವತ್ತು ಸಾರಲ್ಲಿ ನಿಮ್ಮೂರಿನ ರುಚಿ ಐತೆ ಮೇಡಂ," ಎಂದು ಮೇಷ್ಟ್ರು ರೇಗಿಸಿದರು. ಕೊನೆಗೆ ಮಣ್ಣು ಕೆರೆದು ತೆಗೆದು, ತಟ್ಟಿಗೆ ಎರಡು ಮಡಿಕೆ ಪ್ಲಾಸ್ಟಿಕ್ ಹೊಲಿದು ನಿಲ್ಲಿಸಿದೆವು.

ಬೂಷ್ಟಿನ ಮದ್ದು ಅವರ ತಲೆಯಿಂದ ಬಂದದ್ದು. ಮೆಣಸಿನ ಬಳ್ಳಿ ಕೊಳೆಯದಿರಲು ಆ ಕಡೆಯವರು ಮೈಲುತುತ್ತ, ಸುಣ್ಣ ಬೆರೆಸಿ ಹೊಡೆಯುತ್ತಾರೆ. ಬಳ್ಳಿಗೆ ಆಗುವುದು ಗೋಡೆಗೆ ಯಾಕಾಗಬಾರದು ಎಂದು ಅವರ ಅಣ್ಣನ ಮನೆಯಲ್ಲಿ ಉಳಿದಿದ್ದ ಮೈಲುತುತ್ತ ತಂದರು. ಒಂದು ಭಾನುವಾರ ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಬ್ಬರೂ ಗೋಡೆ ಉಜ್ಜಿ ತೊಳೆದು, ಸುಣ್ಣಕ್ಕೆ ಅದನ್ನು ಬೆರೆಸಿ ಬಳಿದೆವು. ಗೋಡೆ ತಿಳಿನೀಲಿಗೆ ತಿರುಗಿತು. ಗಾಳಿ ಹೊಡೆಯದ ಬದಿಯ ಕಿಟಕಿಗಳ ಪ್ಲಾಸ್ಟಿಕ್ ಕಿತ್ತೆವು. ಛತ್ರಿ, ಕಂಬಳಿಗಳಿಗೆ ಜಗಲಿಯಲ್ಲಿ ಹಗ್ಗ ಕಟ್ಟಿದೆವು. ಮಕ್ಕಳಿಗೆ ಚಳಿಯಾಗುತ್ತದೆಂದು ದೂರು ಬಂತು, ಕಾಲಿನ ಕೆಳಗೆ ಗೋಣಿ ಹಾಸಿಸಿದೆ. ಒಂದೊಂದಕ್ಕೂ ಒಂದೊಂದು ಜಗಳ.

ಇಷ್ಟೆಲ್ಲ ಆದರೂ ಹೊಗೆ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಆಗಸ್ಟಿನಲ್ಲಿ ಹುಡುಗಿ ಶಾಲೆಗೆ ಬರುವುದೇ ನಿಂತಿತು. ಲೈನಿಗೆ ಹೋದೆ. ತಾಯಿ ಬಾಗಿಲಲ್ಲೇ ನಿಂತು, "ಸ್ಕೂಲಿಗೆ ಬಂದು ಸಾಯಾದಕ್ಕಿಂತ ಮನೇಲಿ ಇರ್ಲಿ ಬುಡಿ ಮೇಡಂ. ಚಿಕ್ಕೋನ ನೋಡ್ಕಳಕ್ಕೆ ನಂಗೂ ಜನ ಬೇಕು," ಎಂದರು. 

ಅವತ್ತು ದಾರಿಯಲ್ಲಿ ನಡೆಯುತ್ತಲೇ ತೀರ್ಮಾನ ಮಾಡಿದೆ. ತೇಪೆ ಹಾಕುವುದು ಸಾಕು, ಒಲೆಯೇ ಆ ಕಟ್ಟಡದಿಂದ ಹೊರಗೆ ಹೋಗಬೇಕು. ಶಾಲಾ ಸಮಿತಿಯ ಅಧ್ಯಕ್ಷರು ಆ ಲೈನು ಇರುವ ಎಸ್ಟೇಟಿನ ಯಜಮಾನರೇ. ಒಳ್ಳೆಯ ಮಾತಿನ ಮನುಷ್ಯ, ಯಾವುದಕ್ಕೂ ಇಲ್ಲ ಎನ್ನುವವರಲ್ಲ. ಸಭೆಯಲ್ಲಿ ನಾನು, ಮಳೆ ಬಿಟ್ಟ ಕೂಡಲೇ ಬೇರೆ ಅಡುಗೆ ಕೋಣೆ ಕಟ್ಟಿಸಬೇಕು, ಅಲ್ಲಿಯವರೆಗೆ ನಾಲ್ಕನೇ ಕ್ಲಾಸು ನನ್ನ ಆಫೀಸ್ ರೂಮಿನಲ್ಲಿ ನಡೆಯುತ್ತದೆ, ನಾನು ಜಗಲಿಯಲ್ಲಿ ಮೇಜು ಹಾಕಿಕೊಳ್ಳುತ್ತೇನೆ ಎಂದೆ. "ಆಯ್ತು ಮೇಡಂ, ಪಂಚಾಯ್ತೀಲಿ ಹೇಳಿ ಮಾಡುಸ್ಕೊಡಣ," ಎಂದರು ಅಧ್ಯಕ್ಷರು. ಪಿಟಿ ಮೇಷ್ಟ್ರು ನನ್ನ ಪಕ್ಕದಲ್ಲೇ ಕೂತು ಒಂದೊಂದು ಮಾತಿಗೂ ಹೂಂಗುಟ್ಟಿದರು.

ಅಧ್ಯಕ್ಷರು ಮಾತಿಗೆ ತಪ್ಪಲಿಲ್ಲ. ಡಿಸೆಂಬರಿನ ಹೊತ್ತಿಗೆ ಶಾಲೆಯಿಂದ ದೂರಕ್ಕೆ, ಗಾಳಿ ಹೊಗೆಯನ್ನು ಹಳ್ಳದ ಕಡೆಗೆ ಒಯ್ಯುವ ಮೂಲೆಯಲ್ಲಿ, ಶೀಟಿನ ಮಾಡಿನ ಒಂದು ಕೋಣೆ ಎದ್ದು ನಿಂತಿತು. ಎರಡು ಬದಿಗೂ ಸಿಮೆಂಟಿನ ಜಾಲಿ, ಒಲೆಯ ಮೇಲೆ ತಗಡಿನ ಚಿಮಣಿ. ಚಿಮಣಿಯ ಕೊಳವೆ ಮೊದಲು ಗಿಡ್ಡವಾಗಿ ಹೊಗೆ ತಿರುಗಿ ಬಂತು, ಮೇಷ್ಟ್ರು ಇನ್ನೊಂದು ತುಂಡು ಸೇರಿಸಿ ಎತ್ತರಿಸಿದರು. ಅಡುಗೆಯಾಕೆ ಮೊದಲ ದಿನ ಅನ್ನ ಬಸಿದು ಹೊರಗೆ ಬಂದು, ಇವತ್ತು ಕಣ್ಣಲ್ಲಿ ನೀರೇ ಬರಲಿಲ್ಲವಲ್ಲ ಎಂದು ನಕ್ಕರು.

ನಾನು ಮತ್ತೆ ಲೈನಿಗೆ ಹೋದೆ. ತಾಯಿಯನ್ನು ಕರೆತಂದು ಹೊಸ ಕೋಣೆ ತೋರಿಸಿದೆ, ನಾಲ್ಕನೇ ಕ್ಲಾಸಿನಲ್ಲಿ ಕೂರಿಸಿ ಮೂಸಿ ನೋಡಿ ಎಂದೆ. ಆಕೆ ನಿಜಕ್ಕೂ ಮೂಗೇರಿಸಿ ಮೂಸಿದರು. "ನಿಮ್ಮ್ ಮಾತ್ ನಂಬಿ ಕಳುಸ್ತೀನಿ," ಎಂದರು. ಆ ಒಂದು ತಿಂಗಳು ನನ್ನ ಸರ್ವೀಸಿನ ಸಂತೋಷದ ತಿಂಗಳು. ಹುಡುಗಿ ಒಂದಿಡೀ ಪುಟ ನಿಲ್ಲಿಸದೆ ಓದಿದ ದಿನ ನಾನೂ ಮೇಷ್ಟ್ರೂ ಮುಖ ಮುಖ ನೋಡಿಕೊಂಡೆವು. ನಾನು ಬೇರೆ ಏನೋ ನೆಪ ಹೇಳಿ ಜಗಲಿಗೆ ಹೋಗಿ ಕಣ್ಣೊರೆಸಿಕೊಂಡೆ.

ಜನವರಿಯಲ್ಲಿ ನನ್ನನ್ನು ಹಾಸನಕ್ಕೆ ತರಬೇತಿಗೆ ಕರೆದರು. ಕೀಲಿಗಳನ್ನೆಲ್ಲ ಮೇಷ್ಟ್ರ ಕೈಗೆ ಕೊಟ್ಟು, "ಏನಾದ್ರೂ ಅರ್ಜೆಂಟ್ ಬಂದ್ರೆ ನೀವೇ ನೋಡ್ಕೊಳ್ಳಿ, ನನ್ನ ಕಾಯ್ಬೇಡಿ," ಎಂದು ಹೇಳಿ ಹೋದೆ. ತರಬೇತಿಯ ನಡುವೆ ಅಕಾಲದ ಮಳೆ ಬಂತು. ಹಾಸನದಲ್ಲಿ ಕಿಟಕಿಯ ಹೊರಗೆ ಅದನ್ನು ನೋಡುತ್ತಾ ನನಗೆ ಏನೂ ಅನ್ನಿಸಲಿಲ್ಲ. ಕಾಫಿ ಬೆಳೆಯುವವರ ಮನೆಯಲ್ಲಿ ಹುಟ್ಟಿದ್ದರೆ ಎದೆ ಹೊಡೆದುಕೊಳ್ಳುತ್ತಿತ್ತು. ಜನವರಿಯಲ್ಲಿ ಕೊಯ್ದ ಕಾಫಿಯೆಲ್ಲ ಒಣಗಲೆಂದು ಕಣದಲ್ಲಿ ಹರಡಿಕೊಂಡಿರುತ್ತದೆ.

ನಾನು ಮರಳಿ ಬಂದ ದಿನ ಚೆನ್ನಾಗಿ ಬಿಸಿಲು ಬಂದಿತ್ತು. ಶಾಲೆಯ ತಿರುವಿನಲ್ಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಹೊಸ ಅಡುಗೆ ಕೋಣೆಯ ಜಾಲಿಗಳ ತೂತಿನಲ್ಲಿ ಕಾಫಿ ಕಾಣುತ್ತಿತ್ತು. ಒಳಗೆ ಸೊಂಟದೆತ್ತರ ರಾಶಿ, ಅದರ ಮೇಲೆ ಚೀಲಗಳು. ಶಾಲೆಯ ಪಡುವಣ ಕೋಣೆಯಿಂದ ಮೊದಲಿನಂತೆಯೇ ಹೊಗೆ. ನಾಲ್ಕನೇ ಕ್ಲಾಸಿನಲ್ಲಿ ಪಿಟಿ ಮೇಷ್ಟ್ರು ಲೆಕ್ಕ ಹೇಳಿಕೊಡುತ್ತಿದ್ದರು, ಮಕ್ಕಳು ಕಣ್ಣುಜ್ಜುತ್ತಾ ಬರೆದುಕೊಳ್ಳುತ್ತಿದ್ದರು. ಹುಡುಗಿ ಇರಲಿಲ್ಲ. ಗೋಡೆಯ ಮೇಲಿನ ತಟ್ಟಿಯೂ ಇರಲಿಲ್ಲ.

ಅವರನ್ನು ಜಗಲಿಗೆ ಕರೆದೆ.

"ಒಲೆ ಇಲ್ಲಿಗೆ ಹೇಗೆ ಬಂತು ಮೇಷ್ಟ್ರೇ?"

"ಮಳೆ ಬಂತಲ್ಲ ಮೇಡಂ."

"ಮಳೆ ಬಂದ್ರೆ ಒಲೆ ಎದ್ದು ನಡ್ಕೊಂಡು ಬರುತ್ತಾ?"

ಅವರು ಕೈಯಲ್ಲಿದ್ದ ಸೀಮೆಸುಣ್ಣವನ್ನು ನೋಡುತ್ತಾ ನಿಂತರು. "ಕಣದಾಗೆ ಕಾಫಿ ತೇಲ್ತಿತ್ತು ಕಣ್ ಮೇಡಂ. ಅಂಥ ಹೊತ್ತಲ್ಲಿ ಯಾರ ಸೂರು ಏನು ಅಂತ ಈ ಕಡೆ ಯಾರೂ ಕೇಳಲ್ಲ. ದೇವಸ್ಥಾನಕ್ಕೂ ತುಂಬ್ತೀವಿ, ಸೊಸೈಟಿಗೂ ತುಂಬ್ತೀವಿ. ಹಿಂದ್ಲಿಂದ ಹಂಗೇ ಬಂದೈತೆ. ನಿಮ್ಮ ಮಗ್ಗೆ ಕಡೆ ಇಲ್ದೆ ಇರಬೋದು."

"ಯಾರ ಕಾಫಿ ಅದು?"

"ಅಧ್ಯಕ್ಷರದ್ದು." ಸ್ವಲ್ಪ ತಡೆದು, "ನಮ್ಮಣ್ಣಂದೂ ಒಂದಷ್ಟು ಐತೆ," ಎಂದರು.

"ತಟ್ಟಿ?"

"ಕಾಫಿ ಅಡೀಗೆ ಹಾಸವ್ರೆ. ನೆಲ ಥಂಡಿ. ಕೆಳಗಿಂದ ಗಾಳಿ ಆಡ್ದೆ ಇದ್ರೆ ಬೂಷ್ಟು ಹಿಡ್ದು ಹೋಗ್ಬುಡ್ತೈತೆ."

 ಗಾಳಿಯಾಡದಿದ್ದರೆ ಏನಾಗುತ್ತದೆಂದು ಇವರಿಗೆ ಗೊತ್ತಿಲ್ಲದೆ ಏನಿಲ್ಲ. ಕಾಫಿಯ ವಿಷಯದಲ್ಲಿ ಮೊದಲಿನಿಂದಲೂ ಗೊತ್ತಿತ್ತು. ಮಕ್ಕಳ ಕೋಣೆಯಿಂದ ತಟ್ಟಿ ಕಿತ್ತು ಕಾಫಿಗೆ ಹಾಸುವಾಗ ಇವರಿಗೆ ಒಂದು ಸಲವಾದರೂ ಆ ಹುಡುಗಿ ನೆನಪಾದಳೋ ಇಲ್ಲವೋ ಎಂದು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

"ಹುಡುಗಿ ಎಲ್ಲಿ?" ಎಂದೆ.

"ನಿನ್ನೆ ಜಾಸ್ತಿ ಆಯ್ತು. ನಾನೇ ಎತ್ಕಂಡು ಹೋಗಿ ಅಧ್ಯಕ್ಷರ ಜೀಪಲ್ಲಿ ಸಕಲೇಶಪುರಕ್ಕೆ ಸೇರಿಸ್ ಬಂದೆ. ಈಗ ಪರ್ವಾಗಿಲ್ಲಂತೆ."

"ಹೊಗೆ ಆದಾಗ ಬೇರೆ ರೂಮಿಗೆ ಕೂರ್ಸೋಕೆ ಏನಾಗಿತ್ತು?"

"ಆಫೀಸ್ ರೂಮಲ್ಲೂ ಚೀಲ ಐತೆ ಮೇಡಂ."

ಅವತ್ತು ನಾನು ಬಾಯಿಗೆ ಬಂದಂತೆ ಬೈದೆ. ಇಷ್ಟು ದಿನ ನನ್ನ ಜೊತೆ ಗೋಡೆ ಉಜ್ಜಿದ್ದು ನಾಟಕವೇ ಎಂದು ಕೇಳಿದೆ. ಅವರು, "ನಾಟ್ಕ ಅಲ್ಲ ಮೇಡಂ. ನಾನು ಈ ಊರಲ್ಲಿ ಬದುಕ್ಬೇಕು," ಎಂದರು. ಆ ಹುಡುಗಿಯೂ ಇದೇ ಊರಲ್ಲಿ ಬದುಕಬೇಕಲ್ಲ ಎಂದೆ. ಅವರು ತಿರುಗಿ ಕ್ಲಾಸಿಗೆ ಹೋದರು. ನಾನೇ ಹೋಗಿ ಒಲೆಗೆ ನೀರು ಸುರಿದೆ. ಅಂದು ಅನ್ನ ಅರ್ಧ ಬೆಂದಿತ್ತು. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಅಡುಗೆಯಾಕೆಯೂ ನಾನೂ ಉಳಿದದ್ದನ್ನು ಬೇಯಿಸಿದೆವು. ಕಾಫಿ ಹೋಗುವವರೆಗೂ ಅಡುಗೆ ಅಂಗಳದಲ್ಲೇ ನಡೆಯಿತು. ಮಾಡಬೇಕೆಂದಿದ್ದರೆ ಅದು ಅಷ್ಟು ಸುಲಭವಿತ್ತು.

ಸಂಜೆ ಆಸ್ಪತ್ರೆಗೆ ಹೋದೆ. ಹುಡುಗಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ತಾಯಿ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ನಾನು ಊರಿನಲ್ಲಿರಲಿಲ್ಲ, ನನಗೆ ತಿಳಿಸದೆ ಹೀಗೆ ಮಾಡಿದ್ದಾರೆ, ದೂರು ಕೊಡುತ್ತೇನೆ, ನೀವು ಸಾಕ್ಷಿ ಹೇಳಬೇಕು ಎಂದು ಒಂದೇ ಉಸಿರಿಗೆ ಹೇಳಿದೆ.

ಆಕೆ ಮಗಳ ಹೊದಿಕೆ ಸರಿಮಾಡಿ, "ಏನಂತ ಹೇಳ್ಲಿ ಮೇಡಂ? ಚೀಲ ಹೊತ್ತಾಕಿದ್ದು ನಾನೇ," ಎಂದರು.

"ನೀವಾ?"

"ಮಳೇಲಿ ಲೈನಿನ ಆಳನ್ನೆಲ್ಲ ಕರುದ್ರು. ನಾನೊಬ್ಳು ಬರಲ್ಲ ಅನ್ನಕ್ಕಾಯ್ತದಾ? ಒಲೆ ಎಲ್ಲಿಗೆ ಹೋಯ್ತದೆ ಅಂತ ನಂಗೆ ಹೊಳೀಲೇ ಇಲ್ಲ. ಮಾರ್ನೆ ದಿನ ಹೊಳೀತು. ಅಷ್ಟೊತ್ತಿಗೆ ಇವ್ಳು ಸ್ಕೂಲಿಗೆ ಹೋಗ್ಬುಟ್ಟಿದ್ಲು."

ದೂರು ಕೊಟ್ಟೆ. ಕಚೇರಿಯಿಂದ ಅಧಿಕಾರಿ ಬರುವಷ್ಟರಲ್ಲಿ ಕಾಫಿ ಹೋಗಿತ್ತು, ಕೋಣೆ ಗುಡಿಸಿ ತೊಳೆದಿತ್ತು, ಚಿಮಣಿಯಲ್ಲಿ ಹೊಗೆಯಾಡುತ್ತಿತ್ತು. ಅಧಿಕಾರಿ ಒಳ್ಳೆಯವರೇ. ಎಲ್ಲ ನೋಡಿ, ಇಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಲ್ಲ ಎಂದು ನನ್ನನ್ನೇ ಹೊಗಳಿದರು. ಸಮಿತಿಯವರನ್ನು ಕೂರಿಸಿ ಕೇಳಿದರು. ಅಡುಗೆಯಾಕೆ ಏನೋ ಹೇಳಲು ಬಾಯಿ ತೆರೆದು, ಅಧ್ಯಕ್ಷರ ಕಡೆ ನೋಡಿ ಸುಮ್ಮನಾದರು. ಅಧ್ಯಕ್ಷರು, ಮಳೆಗೆ ಒಂದು ದಿನ ಅನಿವಾರ್ಯವಾಗಿ ಇಟ್ಟದ್ದು, ಮಕ್ಕಳಿಗೆ ತೊಂದರೆಯಾಗಿದ್ದರೆ ಕ್ಷಮಿಸಿ ಎಂದು ಕೈಮುಗಿದರು.

ಅಧಿಕಾರಿ ಪಿಟಿ ಮೇಷ್ಟ್ರ ಕಡೆ ತಿರುಗಿ, ಕೋಣೆಯ ಕೀಲಿ ಯಾರ ಹತ್ತಿರ ಇತ್ತು ಎಂದು ಕೇಳಿದರು.

"ಮೇಡಂ ನನ್ನ ಕೈಗೆ ಕೊಟ್ಟಿದ್ರು ಸಾರ್. ಏನಾದ್ರೂ ಅರ್ಜೆಂಟ್ ಬಂದ್ರೆ ನೀವೇ ನೋಡ್ಕೊಳ್ಳಿ, ನನ್ನ ಕಾಯ್ಬೇಡಿ ಅಂದಿದ್ರು."

"ಅಂದ್ರೆ ಅವರ ಒಪ್ಪಿಗೆ ಇತ್ತು ಅಂತ."

"ಹಂಗೇ ಅನ್ಕಳಿ ಸಾರ್."

ಒಂದಕ್ಷರ ಸುಳ್ಳಿಲ್ಲ, ಎಲ್ಲವೂ ನನ್ನದೇ ಮಾತು. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಇದನ್ನು ಬಿಡಬಾರದು ಎಂದಿದ್ದ ಅದೇ ಬಾಯಿಂದ ಬಂತು. ಮಗುವಿನ ತಾಯಿಯನ್ನೂ ಕರೆಸಿದ್ದರು. ಆಕೆ ನೆಲ ನೋಡುತ್ತಾ, ಮಗಳಿಗೆ ಹುಟ್ಟಿದಾಗಿನಿಂದಲೂ ಆ ಕಾಯಿಲೆ ಇದೆ ಸಾರ್ ಎಂದರು. ಆಕೆ ಇರುವ ಲೈನು ಯಾರದ್ದೆಂದು ನನಗೆ ಗೊತ್ತಿತ್ತು, ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಒಬ್ಬರ ಮೇಲೇ ಉಳಿಯಿತು. ಅಧ್ಯಕ್ಷರಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ. ನಿರೀಕ್ಷೆ ಇದ್ದದ್ದು ನನ್ನ ಜೊತೆ ಮಾಡು ಹತ್ತಿದವರ ಮೇಲೆ, ಅದಕ್ಕೇ ಅಷ್ಟು ಉರಿಯಿತು. ಅಧಿಕಾರಿ ಹೋದ ಮೇಲೆ ಮೇಷ್ಟ್ರು ನನ್ನ ಹತ್ತಿರ ಬಂದು, ವಿಷಯ ಇಲ್ಲಿಗೇ ಮುಗಿಯಲಿ ಎಂದು ಹಾಗೆ ಹೇಳಿದೆ, ನಿಮಗೇನೂ ತೊಂದರೆಯಾಗದಂತೆ ನೋಡಿಕೊಳ್ಳುತ್ತೇನೆ ಎಂದರು. ನನಗಾಗಿ ತಾನು ಏನೋ ಉಪಕಾರ ಮಾಡಿದ್ದೇನೆಂದು ಅವರು ನಿಜವಾಗಿಯೂ ನಂಬಿದ್ದರೆಂದು ಕಾಣುತ್ತದೆ.

ಮುಂದಿನ ಮಳೆಗಾಲಕ್ಕೆ ಶಾಲೆಯಲ್ಲಿ ಎಲ್ಲ ಸರಿಯಾಗಿತ್ತು. ಆ ಗಲಾಟೆಯಿಂದಲೋ ಏನೋ, ಅಡುಗೆ ಹೊಸ ಕೋಣೆ ಬಿಟ್ಟು ಕದಲಲಿಲ್ಲ. ಕಿಟಕಿಗೆ ಪ್ಲಾಸ್ಟಿಕ್ ಹೊಡೆಯುವಾಗ ಊರವರೇ ನನ್ನನ್ನು ಕೇಳಿ ಒಂದು ಬದಿ ಬಿಟ್ಟರು. ನೀಲಿ ಗೋಡೆಗೆ ಬೂಷ್ಟು ಬರಲಿಲ್ಲ. ಕೆಮ್ಮುವ ಮಕ್ಕಳೂ ಕಡಿಮೆಯಾದರು. ಮೇಷ್ಟ್ರೂ ನಾನೂ ಕೆಲಸದ ಮಾತು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಅವರು ಒಂದೆರಡು ಸಲ ಪ್ರಯತ್ನಪಟ್ಟರು, ನನ್ನಿಂದಾಗಲಿಲ್ಲ.

ಹುಡುಗಿ ಜನವರಿಯ ನಂತರ ಬಂದಿರಲಿಲ್ಲ. ಐದನೇ ಕ್ಲಾಸಿಗೆ ಹೆಸರು ಬರೆದುಕೊಂಡು, ಮಳೆ ಜೋರಾಗುವ ಮೊದಲು ಕರೆತರೋಣ ಎಂದು ಲೈನಿಗೆ ಹೋದೆ. ಹೊಸ ಕೋಣೆಯಲ್ಲೇ ಅಡುಗೆ, ಈಗ ನಾನು ಕೀಲಿ ಯಾರಿಗೂ ಕೊಡುವುದಿಲ್ಲ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ತಾಯಿ ಕೆಲಸಕ್ಕೆ ಹೊರಟು ಬಾಗಿಲಲ್ಲೇ ಸಿಕ್ಕರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. "ಒಂದ್ಸಲ ನಿಮ್ಮ ಮಾತು ನಂಬಿ ಕಳ್ಸಿದ್ದೆ ಮೇಡಂ," ಎಂದಷ್ಟೇ ಹೇಳಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ತೋಟದ ಕಡೆ ನಡೆದರು. ಮೇಷ್ಟ್ರನ್ನು ನಾನು ಯಾವ ಕಣ್ಣಿನಿಂದ ನೋಡುತ್ತಿದ್ದೆನೋ ಅದೇ ಕಣ್ಣಿನಿಂದ ಆಕೆ ನನ್ನನ್ನು ನೋಡಿದ್ದರು.

ಒಳಗೆ ಬಗ್ಗಿ ನೋಡಿದೆ. ಕಿಟಕಿಯಿಲ್ಲದ ಒಂದೇ ಕೋಣೆ, ಮಾಡಿನವರೆಗೆ ಹೊಗೆ. ಹುಡುಗಿ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹಸಿ ಸೌದೆಗೆ ಊದುಗೊಳವೆಯಲ್ಲಿ ಊದುತ್ತಿದ್ದಳು. ಒಂದು ಸಲ ಊದುವುದು, ಕೆಮ್ಮುವುದು, ಮತ್ತೆ ಊದುವುದು. ನನ್ನನ್ನು ಕಂಡವಳೇ ಊದುಗೊಳವೆ ಕೆಳಗಿಟ್ಟು, ಕ್ಲಾಸಿನಲ್ಲಿ ನಿಲ್ಲುವಂತೆ ನೆಟ್ಟಗೆ ಎದ್ದು ನಿಂತು, ರಾಗವಾಗಿ, "ನಮಸ್ತೇ ಮೇಡಂ," ಎಂದಳು.

ಅಭ್ಯಾಸಬಲದಿಂದ ನನ್ನ ಬಾಯಲ್ಲಿ, "ಕೂತ್ಕೋ," ಎಂದು ಬಂದುಬಿಟ್ಟಿತು.

ಅವಳು ಮತ್ತೆ ಒಲೆಯ ಮುಂದೆ ಕೂತಳು.